ಎಕರೆ ಲೆಕ್ಕ ಸಾಕು, ಡಿಸೈನ್ ಕಿಟ್ ಕೊಡಿ ಸ್ವಾಮಿ!

ಕ್ವಾಂಟಮ್ ಅನ್ನೋ ಪದ ಈಗ ನಮ್ಮ ಕುಂದಾಣದ ಟೀ ಅಂಗಡಿಗೂ ಬಂದಿದೆ. ಬಂದಿರೋದು ಭೌತಶಾಸ್ತ್ರವಾಗಿ ಅಲ್ಲ, ಸೈಟಿನ ರೇಟಾಗಿ! "ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿ ಆಗುತ್ತಂತೆ, ನಮ್ಮ ಕಡೆನೂ ಏರುತ್ತೆ ಬಿಡಿ" ಅನ್ನೋ ಮಾತು. 2025ರಲ್ಲಿ ಸರ್ಕಾರ ಅದಕ್ಕೆ 6.17 ಎಕರೆ ಕೊಟ್ಟಿತು, ರಾಜ್ಯದ ಕ್ವಾಂಟಮ್ ಮಿಷನ್‌ಗೆ 1,000 ಕೋಟಿ ರೂಪಾಯಿಯನ್ನೂ ಘೋಷಿಸಿತು. ಅದಕ್ಕೂ ಮೊದಲು, 2023ರ ಏಪ್ರಿಲ್‌ನಲ್ಲಿ ಕೇಂದ್ರ 6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಸಂತೋಷ. ಆದರೆ ಈ ಎಕರೆ-ಕೋಟಿಗಳ ಗದ್ದಲದಲ್ಲಿ ಒಂದು ಬಡಪಾಯಿ ವಸ್ತುವಿನ ಬಗ್ಗೆ ಯಾವ ವೇದಿಕೆಯಿಂದಲೂ ಭಾಷಣ ಕೇಳಿಲ್ಲ. ಅದೇ ಡಿಸೈನ್ ಕಿಟ್.

ಏನದು? ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಹೋಗಿ ನೋಡಿ. ಸೀರೆಯ ಅಂಚಿಗೆ ಡಿಸೈನ್ ಬರೆಯೋನು ಸುಮ್ಮನೆ ಚೆಂದದ ಹೂ ಬರೆದುಕೊಟ್ಟರೆ ನಡೆಯಲ್ಲ. ಜಕಾರ್ಡಿಗೆ ಎಷ್ಟು ಹುಕ್ಕು, ಇಂಚಿಗೆ ಎಷ್ಟು ಎಳೆ, ನೂಲು ಎಷ್ಟು ದಪ್ಪ... ಇದೆಲ್ಲ ಗೊತ್ತಿದ್ದರೇ ಕಾಗದದ ಹೂ ಸೀರೆ ಮೇಲೆ ಅರಳೋದು. ಇಲ್ಲದಿದ್ದರೆ ನೂಲೂ ದಂಡ, ದಿನವೂ ದಂಡ.

ಬೆಳಕಿನ ಚಿಪ್‌ಗೂ ಇದೇ ಕಥೆ. ಸಿಲಿಕಾನ್‌ನಲ್ಲಿ ಬೆಳಕು ಹರಿಯೋ ಕಾಲುವೆಯ ದಪ್ಪ ಸಾಮಾನ್ಯವಾಗಿ 220 ನ್ಯಾನೋಮೀಟರ್, ಅಗಲ 450-500. ಅಗಲದಲ್ಲಿ ಒಂದೇ ಒಂದು ನ್ಯಾನೋಮೀಟರ್ ಹೆಚ್ಚುಕಮ್ಮಿಯಾದರೆ ಉಂಗುರದಂಥ ಫಿಲ್ಟರು ಆರಿಸೋ ಬಣ್ಣ ಸುಮಾರು ಒಂದು ನ್ಯಾನೋಮೀಟರ್ ಸರಿದುಬಿಡುತ್ತೆ. ಎಷ್ಟು ಸಣ್ಣ ಗೆರೆ ಕೊರೆಯಬಹುದು, ಎರಡು ಕಾಲುವೆ ಎಷ್ಟು ಹತ್ತಿರ ಇರಬಹುದು, ಯಾವ ಭಾಗವನ್ನು ಈಗಾಗಲೇ ಮಾಡಿ ಅಳೆದು ನೋಡಲಾಗಿದೆ - ಇದನ್ನೆಲ್ಲ ಹೇಳೋದೇ ಕಿಟ್. 1980ರಲ್ಲಿ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಅವರ ಪುಸ್ತಕ ಚಿಪ್ ಬರೆಯೋ ನಿಯಮಗಳನ್ನು ಸರಳ ಮಾಡಿತು. ಮರುವರ್ಷವೇ ಅಮೆರಿಕದಲ್ಲಿ ಮೋಸಿಸ್ ಅನ್ನೋ ವ್ಯವಸ್ಥೆ ಬಂತು, ಹತ್ತಾರು ಜನರ ಡಿಸೈನು ಒಂದೇ ಬಿಲ್ಲೆಯ ಮೇಲೆ. ವಿದ್ಯಾರ್ಥಿಗಳೂ ಚಿಪ್ ಮಾಡಿಸತೊಡಗಿದರು.

ಕ್ವಾಂಟಮ್‌ಗೆ ಬಂದರೆ ಸಾಮಾನ್ಯ ಕಿಟ್ ಕೂಡ ಸಾಲದು. ಫೋನಿನ ಫೈಬರ್‌ನಲ್ಲಿ ಬೆಳಕು ಸೋರಿದರೆ ಆಂಪ್ಲಿಫೈಯರ್ ಇಟ್ಟು ಹೆಚ್ಚಿಸಬಹುದು. ಒಂಟಿ ಫೋಟಾನಿಗೆ ಆ ಭಾಗ್ಯ ಇಲ್ಲ, ಅದರ ನಕಲು ಮಾಡೋಕೆ ಆಗಲ್ಲ ಅಂತ 1982ರಲ್ಲೇ ಸಾಬೀತಾಗಿದೆ. ಹೋದದ್ದು ಹೋಯ್ತು. ದಾರಿಯಲ್ಲಿ ಅರ್ಧ ಸೋರುವ ಚಿಪ್‌ನಲ್ಲಿ ಹತ್ತು ಫೋಟಾನ್ ಬಿಟ್ಟರೆ ಹತ್ತೂ ಹೊರಗೆ ಬರೋದು 1,024ಕ್ಕೆ ಒಂದು ಸಲ! ಇನ್ನು ಸೂಪರ್‌ಕಂಡಕ್ಟರ್ ಡಿಟೆಕ್ಟರುಗಳು ಕೆಲಸ ಮಾಡೋದು ಮೈನಸ್ 269 ಡಿಗ್ರಿಯ ಆಸುಪಾಸಿನಲ್ಲಿ. ಆ ಚಳಿಯಲ್ಲಿ, ಬಿಸಿ ಮಾಡಿದರೆ ಬೆಳಕಿನ ಹಂತ ಬದಲಿಸೋ ಸಿಲಿಕಾನಿನ ಗುಣವೇ ಸಾವಿರಾರು ಪಟ್ಟು ಕುಸಿಯುತ್ತೆ. ಕೋಣೆಯ ಉಷ್ಣತೆಯಲ್ಲಿ ಬರೆದ ಅಂಕಿ ಅಲ್ಲಿ ಯಾವ ಉಪಯೋಗಕ್ಕೆ?

"ಇನ್ನೂ ಸಂಶೋಧನೆಯ ಹಂತ, ಈಗಲೇ ಸ್ಟ್ಯಾಂಡರ್ಡ್ ಮಾಡಿದರೆ ಕೈ ಕಟ್ಟಿದ ಹಾಗೆ" ಅಂತಾರೆ ಕೆಲವರು. ಅಲ್ಲ ಸ್ವಾಮಿ, ಹುಕ್ಕಿನ ಲೆಕ್ಕ ಗೊತ್ತಾದ ಮಾತ್ರಕ್ಕೆ ನೇಕಾರ ಹೊಸ ಹೂ ಬರೆಯೋದು ನಿಲ್ಲಿಸಿದನೇ? ಒಂದೇ ರೀತಿ ಇರಬೇಕಾದ್ದು ಹೂವಲ್ಲ, ಅಳತೆ.

"ವಿದೇಶಿ ಫೌಂಡ್ರಿಯ ಕಿಟ್ ತಗೊಂಡರಾಯ್ತು" ಅನ್ನೋರೂ ಇದ್ದಾರೆ. ತಗೊಳ್ಳಿ, ಬೇಡ ಅನ್ನಲ್ಲ. ಯೂರೋಪಿನಲ್ಲಿ ಇಪಿಕ್ಸ್‌ಫ್ಯಾಬ್ 2006ರಲ್ಲೇ ಬಿಲ್ಲೆ ಹಂಚಿಕೊಳ್ಳೋದು ಶುರು ಮಾಡಿತು. ಆದರೆ ಇಂಥ ಕಿಟ್ ಸಾಮಾನ್ಯವಾಗಿ ಸಿಗೋದು ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಿದ ಮೇಲೆ. ಮೇಲಾಗಿ ಒಂದು ಫ್ಯಾಬಿನ ಅಂಕಿ ಇನ್ನೊಂದಕ್ಕೆ ಒಗ್ಗಲ್ಲ. ಗುಟ್ಟು ಬಿಟ್ಟುಕೊಟ್ಟರೆ ಮನೆ ಮುಳುಗುತ್ತೆ ಅನ್ನೋರು 2020 ನೆನಪಿಸಿಕೊಳ್ಳಲಿ. ಗೂಗಲ್ ಜೊತೆ ಸೇರಿ ಸ್ಕೈವಾಟರ್ ಅನ್ನೋ ಖಾಸಗಿ ಕಂಪನಿಯೇ ತನ್ನ 130 ನ್ಯಾನೋಮೀಟರ್ ಕಿಟ್ ಎಲ್ಲರ ಮುಂದೆ ಇಟ್ಟಿತು. ಸಾರ್ವಜನಿಕರ ದುಡ್ಡಲ್ಲಿ ನಡೆಯೋರಿಗೆ ಯಾಕೆ ಮುಜುಗರ?

ನಮ್ಮಲ್ಲಿ ಕೈಲಾಗದವರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಫ್ಯಾಬ್ ಇದೆ. ಹೊರಗಿನ ಸಂಶೋಧಕರಿಗೆ ಇಂಥ ಲ್ಯಾಬಿನ ಬಾಗಿಲು ತೆರೆದ ಐಎನ್‌ಯುಪಿ ಯೋಜನೆ ಅಲ್ಲೂ ಐಐಟಿ ಬಾಂಬೆಯಲ್ಲೂ 2008ರಲ್ಲೇ ಶುರುವಾಯಿತು. ಐಐಟಿ ಮದ್ರಾಸಿನವರು ಸಿಲಿಕಾನ್ ಫೋಟಾನಿಕ್ಸ್ ಬಳಸಿ ಮಾಡಿದ ಕ್ವಾಂಟಮ್ ರ‍್ಯಾಂಡಮ್ ನಂಬರ್ ಜನರೇಟರ್ 2025ರಲ್ಲಿ ಹೊರಬಂತು. ಹಾಗಾಗಿ ನಾನು ಕೇಳೋದು ಆಕಾಶವಲ್ಲ. ಸರ್ಕಾರಿ ಹಣದಲ್ಲಿ ಮಾಡಿದ ಕಿಟ್ ಸಾರ್ವಜನಿಕವಾಗಿರಲಿ. ಪ್ರತಿ ಭಾಗದ ಸೋರಿಕೆ ಎಷ್ಟು, ಎಷ್ಟು ಚಿಪ್ ಅಳೆದು ಹೇಳಿದ್ದು, ಒಂಟಿ ಫೋಟಾನ್‌ನಲ್ಲಿ ಎಷ್ಟು, ಚಳಿಯಲ್ಲಿ ಎಷ್ಟು - ಎಲ್ಲ ಬರೆಯಲಿ. ಕೆಟ್ಟುಹೋದ ಡಿಸೈನುಗಳನ್ನೂ ಹಾಕಲಿ, ಇನ್ನೊಬ್ಬ ಅದೇ ಗುಂಡಿಗೆ ಬೀಳದಿರಲಿ. ಅನುದಾನದ ಕೊನೆ ಕಂತು ಕಿಟ್ ಬಿಡುಗಡೆಯಾದ ಮೇಲೆಯೇ ಕೊಡಲಿ.

ಚಿತ್ರ ಬರೆಯೋ ಕೆಲೇಔಟ್ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ಓಡುತ್ತೆ. ದೇವನಹಳ್ಳಿಯ ಹುಡುಗಿಯೊಬ್ಬಳಿಗೆ ಬೇಕಿರೋದು ನಂಬಬಹುದಾದ ಅಂಕಿ. ಅದು ಸಿಕ್ಕರೆ ಕ್ವಾಂಟಮ್ ಸಿಟಿಯ ಒಳಗೆ ಕೂತು ಡಿಸೈನ್ ಮಾಡ್ತಾಳೆ. ಸಿಗದಿದ್ದರೆ ಈ ಕಡೆಯ ಮಕ್ಕಳಿಗೆ ಉಳಿಯೋದು ಗೇಟು ಕಾಯೋದು, ಸೈಟು ಮಾರೋದು ಅಷ್ಟೇ.

ಯಾವುದು ಬೇಕು, ನೀವೇ ಹೇಳಿ.