ವೇತನ ಮಿತಿಯೊಳಗೆ ಪ್ರತಿಭೆಯ ಶೋಧ: ಕಬಡ್ಡಿ ಹರಾಜು ನಮ್ಮ ಉದ್ಯಮಗಳಿಗೆ ಕಲಿಸುವ ಪಾಠ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಾಗಲಿ, ಬಸವಕಲ್ಯಾಣದ ಆಟೋ ನಗರದಲ್ಲಾಗಲಿ, ನಾಲ್ವರು ಉದ್ಯಮಿಗಳು ಒಂದೆಡೆ ಸೇರಿದರೆ ಕೇಳಿಬರುವ ದೂರು ಒಂದೇ: ಒಳ್ಳೆಯ ಕೆಲಸಗಾರರು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ಈ ದೂರಿನಲ್ಲಿ ಹುರುಳಿಲ್ಲದಿಲ್ಲ. ನಮ್ಮ ತಾಲ್ಲೂಕುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಒಂದು ದಿಕ್ಕಿಗೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಪುಣೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಪೂರ್ಣಗೊಂಡು ಉದ್ಘಾಟನೆಯಾಯಿತು. ಸರಕು ಸಾಗಿಸಲು ಅನುಕೂಲವಾದ ದಾರಿಯೇ ಕೈಕಸುಬು ಬಲ್ಲ ತರುಣರನ್ನೂ ಹೊರಗೆ ಒಯ್ಯುತ್ತದೆ. ಮಹಾನಗರದ ಕಾರ್ಖಾನೆ ಕೊಡುವ ಪಗಾರವನ್ನು ಇಲ್ಲಿಯ ಸಣ್ಣ ಘಟಕ ಕೊಡಲಾರದು. ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ, ಅವರಷ್ಟೇ ಕೊಡುವುದು ಹೇಗೆ ಎಂಬುದಲ್ಲ. ನಮ್ಮ ಮಿತಿಯೊಳಗೆ ಯಾರನ್ನು ಆರಿಸಿಕೊಳ್ಳಬೇಕು ಎಂಬುದು.

ಈ ಪ್ರಶ್ನೆಯನ್ನು ಪ್ರತಿ ಹರಾಜಿನಲ್ಲೂ ಎದುರಿಸುವ ಒಂದು ಉದ್ಯಮ ನಮ್ಮ ಕಣ್ಣೆದುರಿಗೇ ಇದೆ. ಅದು 2014ರಲ್ಲಿ 8 ತಂಡಗಳೊಂದಿಗೆ ಆರಂಭವಾಗಿ 2017ರಲ್ಲಿ 12 ತಂಡಗಳಿಗೆ ಬೆಳೆದ ಪ್ರೊ ಕಬಡ್ಡಿ ಲೀಗ್. ಮಾಲೀಕರು ಎಷ್ಟೇ ಸಿರಿವಂತರಾಗಿರಲಿ, ಆಟಗಾರರಿಗಾಗಿ ವೆಚ್ಚ ಮಾಡಬಹುದಾದ ಮೊತ್ತಕ್ಕೆ ಅಲ್ಲಿ ಮಿತಿಯುಂಟು. 2018ರಲ್ಲಿ ಪ್ರತಿ ತಂಡಕ್ಕೆ 4 ಕೋಟಿ ರೂಪಾಯಿ ಇದ್ದ ಈ ಮಿತಿ 2023ರ ಹರಾಜಿನ ವೇಳೆಗೆ 5 ಕೋಟಿ ರೂಪಾಯಿಗೆ ಏರಿತು. ಆ ಹರಾಜಿನಲ್ಲಿ ‘ಎ’ ವರ್ಗದ ಆಟಗಾರನ ಮೂಲ ಬೆಲೆ 30 ಲಕ್ಷವಾದರೆ ‘ಡಿ’ ವರ್ಗದವನದು 9 ಲಕ್ಷ. ಒಬ್ಬನ ಮೇಲೆ ಸುರಿದ ಹಣ ಇನ್ನೊಬ್ಬನ ಪಾಲಿನಿಂದಲೇ ಬರಬೇಕು. ಆದ್ದರಿಂದ ಅಲ್ಲಿ ಗೆಲ್ಲುವುದು ಹೆಚ್ಚು ಹಣವುಳ್ಳವನಲ್ಲ, ಬೆಲೆಗೂ ಯೋಗ್ಯತೆಗೂ ನಡುವಿನ ಅಂತರವನ್ನು ಮೊದಲು ಗುರುತಿಸಿದವನು.

ನಮ್ಮ ರಾಜ್ಯದ ಬೆಂಗಳೂರು ಬುಲ್ಸ್ ತಂಡದ ನಿದರ್ಶನವನ್ನೇ ನೋಡೋಣ. ಪವನ್ ಸೆಹ್ರಾವತ್ ಎಂಬ ರೈಡರ್‌ಗೆ 2017ರಲ್ಲಿ ಗುಜರಾತ್ ತಂಡದಲ್ಲಿ ಹೆಚ್ಚಿನ ಅವಕಾಶ ದೊರೆತಿರಲಿಲ್ಲ. 2018ರ ಹರಾಜಿನಲ್ಲಿ ಹಲವು ಆಟಗಾರರು ಕೋಟಿ ರೂಪಾಯಿಯ ಗಡಿ ದಾಟಿದರೆ, ಪವನ್ 52.8 ಲಕ್ಷ ರೂಪಾಯಿಗೆ ಬುಲ್ಸ್ ಪಾಲಾದರು. ಅದೇ ಆವೃತ್ತಿಯಲ್ಲಿ ಅವರು 271 ರೇಡಿಂಗ್ ಅಂಕ ಗಳಿಸಿದರು. 2019ರ ಜನವರಿಯಲ್ಲಿ ನಡೆದ ಫೈನಲ್‌ನಲ್ಲಿ, ತಮ್ಮನ್ನು ಬೆಂಚಿನ ಮೇಲೆ ಕೂರಿಸಿದ್ದ ಗುಜರಾತ್ ವಿರುದ್ಧವೇ 22 ಅಂಕ ಗಳಿಸಿ 38–33ರ ಗೆಲುವು ತಂದುಕೊಟ್ಟರು. ಒಬ್ಬರ ಅಂಗಡಿಯಲ್ಲಿ ಮೂಲೆ ಸೇರಿದ್ದ ಸರಕು ಇನ್ನೊಬ್ಬರ ಕೈಯಲ್ಲಿ ಚಿನ್ನವಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ತಮಿಳ್ ತಲೈವಾಸ್ ತಂಡ ಇದೇ ಪವನ್‌ಗೆ 2.26 ಕೋಟಿ ರೂಪಾಯಿ ನೀಡಿತು. ಮೊದಲ ಪಂದ್ಯದಲ್ಲಿಯೇ ಅವರು ಗಾಯಗೊಂಡು ಹೊರಬಿದ್ದರು. ತಂಡ ನೆಲ ಕಚ್ಚೀತೆಂದು ಎಲ್ಲರೂ ಬಗೆದಿರುವಾಗ, ಮೊದಲ ಬಾರಿಗೆ ಲೀಗ್‌ನಲ್ಲಿ ಆಡುತ್ತಿದ್ದ ನರೇಂದರ್ ಎಂಬ ತರುಣ 243 ರೇಡಿಂಗ್ ಅಂಕ ಗಳಿಸಿದರು. ತಂಡ ಪ್ರಥಮ ಬಾರಿಗೆ ಸೆಮಿಫೈನಲ್ ತಲುಪಿತು. 2023ರಲ್ಲಿ ತೆಲುಗು ಟೈಟನ್ಸ್ ಪವನ್‌ಗೆ 2.605 ಕೋಟಿ ರೂಪಾಯಿ, ಅಂದರೆ ತನ್ನ ಇಡೀ ಮಿತಿಯ ಅರ್ಧಕ್ಕಿಂತ ಹೆಚ್ಚನ್ನು, ತೆತ್ತಿತು. 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ತಂಡಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಆಟಗಾರನ ಸಾಮರ್ಥ್ಯ ಕುಂದಿರಲಿಲ್ಲ. ಅವನ ಸುತ್ತ ನಿಲ್ಲಬೇಕಾದ ಆರು ಜನರಿಗೆ ಹಣ ಉಳಿದಿರಲಿಲ್ಲ.

ಇದರಿಂದ ಅಗ್ಗದವರನ್ನು ಕೊಂಡರೆ ಸಾಕೆಂಬ ತೀರ್ಮಾನಕ್ಕೆ ಬರುವುದು ತಪ್ಪಾದೀತು. 2024ರಲ್ಲಿ ಬೆಂಗಳೂರು ಬುಲ್ಸ್, ಹಿಂದೊಮ್ಮೆ 1.65 ಕೋಟಿ ರೂಪಾಯಿ ಬೆಲೆ ಪಡೆದಿದ್ದ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಕೊಂಡಿತು. ಅಗ್ಗವೆಂದು ತೋರಿದ ಆ ವ್ಯವಹಾರದ ನಂತರವೂ ತಂಡ ಕೊನೆಯ ಸ್ಥಾನಕ್ಕೆ ಕುಸಿಯಿತು. ಅದೇ ವರ್ಷ ಇರಾನಿನ ಶಾದ್ಲೂಯಿ ಅವರಿಗೆ 2.07 ಕೋಟಿ ರೂಪಾಯಿ ಕೊಟ್ಟ ಹರಿಯಾಣ ಸ್ಟೀಲರ್ಸ್ ಪ್ರಶಸ್ತಿ ಗೆದ್ದಿತು. ಕಡಿಮೆ ಬೆಲೆ ಬೇರೆ, ಬೆಲೆಗಿಂತ ಹೆಚ್ಚಿನ ಯೋಗ್ಯತೆ ಬೇರೆ. ಹಳೆಯ ಹೆಸರಿಗೆ ರಿಯಾಯಿತಿ ಸಿಕ್ಕಿತೆಂದು ಕೊಳ್ಳುವುದು ಮೊದಲನೆಯದು. ಮುಂದೆ ಮಾಡಬಲ್ಲ ಕೆಲಸವನ್ನು ತೂಗಿ ನೋಡಿ ಕೊಳ್ಳುವುದು ಎರಡನೆಯದು.

ಮಾರುಕಟ್ಟೆ ಏಕೆ ತಪ್ಪು ಬೆಲೆ ಕಟ್ಟುತ್ತದೆ? ಕಣ್ಣಿಗೆ ಕಾಣುವುದನ್ನು ಮಾತ್ರ ಅದು ಎಣಿಸುತ್ತದೆ. ರೈಡರ್ ತಂದ ಅಂಕ ಫಲಕದ ಮೇಲೆ ಮೂಡುತ್ತದೆ. ಸರಪಳಿ ಹಿಡಿತದಲ್ಲಿ ಜೊತೆಗಾರನ ಕೈ ಬಿಡದೆ ನಿಂತವನಿಗೆ ಅಂಕವಿಲ್ಲ. ನಮ್ಮಲ್ಲಿಯೂ ಪ್ರಮಾಣಪತ್ರ, ಇಂಗ್ಲಿಷ್ ಮಾತು, ಮಹಾನಗರದ ಅನುಭವ ಇವಕ್ಕೆ ಬೆಲೆ ಹೆಚ್ಚು. ಲಾರಿಯ ಎಂಜಿನ್ ಸದ್ದು ಕೇಳಿಯೇ ದೋಷ ಹೇಳಬಲ್ಲ ಹಿರಿಯ ಮಿಸ್ತ್ರಿ, ಕಣ್ಣು ಮಂದವಾಗಿ ಸ್ಟಿಯರಿಂಗ್ ಬಿಟ್ಟರೂ ಪ್ರತಿ ಚೆಕ್‌ಪೋಸ್ಟ್‌ನ ಕಾಗದಪತ್ರ ಬಲ್ಲ ಚಾಲಕ, ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಉಳಿದ ಹೆಣ್ಣುಮಗಳು, ಲಿಖಿತ ಪರೀಕ್ಷೆಯಲ್ಲಿ ನಪಾಸಾದರೂ ವೆಲ್ಡಿಂಗ್‌ನಲ್ಲಿ ಕೈ ಪಳಗಿದ ಹುಡುಗ – ಇವರೆಲ್ಲ ನಮ್ಮ ಊರಿನ ‘ಡಿ’ ವರ್ಗದ ಆಟಗಾರರು. ಮದ್ದಳೆ ನುಡಿಸುತ್ತಿದ್ದ ಅಲ್ಲಮನನ್ನು ಶೂನ್ಯಪೀಠದ ಮೇಲೆ ಕೂರಿಸಿದ ಪರಂಪರೆ ಕಲ್ಯಾಣದ್ದು. ಕುಲವನ್ನೂ ಕಸುಬನ್ನೂ ನೋಡಿ ಬೆಲೆ ಕಟ್ಟದಿರುವ ವಿವೇಕವನ್ನು ನಾವು ಬೇರೆಡೆಯಿಂದ ಆಮದು ಮಾಡಿಕೊಳ್ಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕಡಿಮೆ ಬೆಲೆ ಕಟ್ಟಲ್ಪಟ್ಟವರನ್ನು ಹುಡುಕುವುದೆಂದರೆ ಅವರಿಗೆ ಕಡಿಮೆ ಕೊಡುತ್ತಲೇ ಇರುವುದೆಂದಲ್ಲ. ರಗ್ಬಿ ಲೀಗ್ ಆಟ ಹುಟ್ಟಿದ್ದೇ ಕೂಲಿಯ ನ್ಯಾಯದ ಪ್ರಶ್ನೆಯಿಂದ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಉತ್ತರ ಭಾಗದ ಕ್ಲಬ್ಬುಗಳು, ಆಟಕ್ಕಾಗಿ ದಿನಗೂಲಿ ಕಳೆದುಕೊಳ್ಳುವ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೆಂದು ಮೂಲ ಸಂಸ್ಥೆಯಿಂದ ಹೊರಬಂದವು. ಅದೇ ಆಟದಲ್ಲಿ ಆಸ್ಟ್ರೇಲಿಯಾದವರು 1990ರಲ್ಲಿ ವೇತನ ಮಿತಿ ತಂದರು. ಮಿತಿ ಮೀರಿ ಗುಟ್ಟಾಗಿ ಹಣ ಕೊಟ್ಟು ಎರಡು ಬಗೆಯ ಲೆಕ್ಕ ಇಟ್ಟ ಮೆಲ್ಬರ್ನ್ ಸ್ಟಾರ್ಮ್ ತಂಡದಿಂದ 2010ರಲ್ಲಿ ಎರಡು ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಪ್ರತಿಭೆ ಶೋಧಕ್ಕೂ ಲೆಕ್ಕದ ಶುದ್ಧಿಗೂ ಸಂಬಂಧವಿದೆ. ಕನಿಷ್ಠ ವೇತನ, ಭವಿಷ್ಯ ನಿಧಿ, ಇಎಸ್‌ಐ ಇವುಗಳಲ್ಲಿ ಉಳಿಸಿದ ಹಣ ಜಾಣತನದ ಗಳಿಕೆಯಲ್ಲ. ಯೋಗ್ಯತೆ ಸಾಬೀತಾದ ಮೇಲೂ ಪಗಾರ ಏರಿಸದಿದ್ದರೆ ಆ ಹುಡುಗ ಮುಂದಿನ ಬಸ್ಸಿಗೆ ಹೈದರಾಬಾದ್ ಸೇರುತ್ತಾನೆ. ತಪ್ಪು ಅವನದಲ್ಲ.

ಈ ಹಿನ್ನೆಲೆಯಲ್ಲಿ ಸದಸ್ಯರ ಪರಿಶೀಲನೆಗಾಗಿ ಮೂರು ಸಲಹೆಗಳು:

ಒಂದು, ಸಂದರ್ಶನಕ್ಕೆ ಬದಲು ಕೈಕೆಲಸದ ಪರೀಕ್ಷೆ. ವರ್ಷಕ್ಕೆರಡು ಬಾರಿ, ಒಮ್ಮೆ ಹುಮನಾಬಾದಿನಲ್ಲಿ, ಒಮ್ಮೆ ಬಸವಕಲ್ಯಾಣದಲ್ಲಿ, ವಾಣಿಜ್ಯೋದ್ಯಮ ಸಂಸ್ಥೆಯೇ ಬಹಿರಂಗ ಪರೀಕ್ಷೆ ಏರ್ಪಡಿಸಲಿ. ವೆಲ್ಡಿಂಗ್, ಲೇತ್, ಬಾಡಿ ಕಟ್ಟುವ ಕೆಲಸ, ಲೆಕ್ಕಪತ್ರ, ದಾಸ್ತಾನು ನಿರ್ವಹಣೆ ಇವುಗಳಲ್ಲಿ ಕೆಲಸ ಮಾಡಿಸಿ ನೋಡಲಿ. ಅಂಕಪಟ್ಟಿ ಕೇಳುವುದು ಆನಂತರ.

ಎರಡು, ಹೊಸಬರನ್ನು ಬೆಳೆಸುವುದು. ಕಬಡ್ಡಿ ಲೀಗ್‌ನಲ್ಲಿ ಹೊಸ ಯುವ ಆಟಗಾರರಿಗಾಗಿಯೇ ಪ್ರತ್ಯೇಕ ವರ್ಗವಿದೆ. ನಮಗೆ 1961ರ ಅಪ್ರೆಂಟಿಸ್ ಕಾಯ್ದೆಯಿದೆ. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರೋತ್ಸಾಹ ಯೋಜನೆಯು, ಶಿಷ್ಯವೇತನದ ಶೇ 25ರಷ್ಟನ್ನು ತಿಂಗಳಿಗೆ 1,500 ರೂಪಾಯಿಗಳ ಮಿತಿಯಲ್ಲಿ ಸರ್ಕಾರವೇ ಭರಿಸಲು ಅವಕಾಶ ಕಲ್ಪಿಸಿತು. ಸಣ್ಣ ಘಟಕಗಳು ಒಬ್ಬೊಬ್ಬರಾಗಿ ಕಚೇರಿ ಅಲೆಯುವ ಬದಲು ಸಂಸ್ಥೆಯ ಮೂಲಕ ಒಟ್ಟಾಗಿ ನೋಂದಾಯಿಸಿಕೊಳ್ಳುವುದು ಲೇಸು.

ಮೂರು, ಸರಿಗಟ್ಟುವ ಹಕ್ಕು. ಹರಾಜಿನಲ್ಲಿ ಆಟಗಾರನ ಹಳೆಯ ತಂಡವು ಅಂತಿಮ ಬೆಲೆಯನ್ನು ತಾನೂ ಕೊಟ್ಟು ಅವನನ್ನು ಉಳಿಸಿಕೊಳ್ಳಲು ಅವಕಾಶವಿದೆ. ಸದಸ್ಯರೊಬ್ಬರ ಕೆಲಸಗಾರನನ್ನು ಇನ್ನೊಬ್ಬ ಸದಸ್ಯರು ಕರೆಯುವಾಗ, ತರಬೇತಿ ನೀಡಿದವರಿಗೆ ಹದಿನೈದು ದಿನಗಳ ಕಾಲ ಅಷ್ಟೇ ವೇತನ ಕೊಟ್ಟು ಉಳಿಸಿಕೊಳ್ಳುವ ಅವಕಾಶವಿರಲಿ. ಆಯ್ಕೆ ಮಾತ್ರ ಕೆಲಸಗಾರನದ್ದೇ ಆಗಿರಬೇಕು. ಪಗಾರ ಏರಿಸದಿರಲು ನಾವೆಲ್ಲ ಒಳಗೊಳಗೇ ಕೂಡಿಕೊಂಡೆವೆಂಬ ಅಪವಾದಕ್ಕೆ ಈ ಏರ್ಪಾಡು ಎಡೆಗೊಡಬಾರದು.

ಬುಲ್ಸ್ ತಂಡವನ್ನು ಪ್ರತಿನಿಧಿಸಿದ ಪವನ್‌ರಂಥವರು ನಮ್ಮ ಗ್ಯಾರೇಜುಗಳಲ್ಲಿ ಇಂದೂ ಸ್ಪ್ಯಾನರ್ ಹಿಡಿದು ನಿಂತಿರಬಹುದು. ಅವರನ್ನು ಮೊದಲು ಗುರುತಿಸುವವರು ನಾವೋ, ಪುಣೆಯ ಗುತ್ತಿಗೆದಾರನೋ ಎಂಬುದಷ್ಟೇ ಇತ್ಯರ್ಥವಾಗಬೇಕಿದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸ್ಥಳ ದೊರೆಯಲಿ ಎಂಬುದು ನನ್ನ ವಿನಂತಿ.