ಟೈಟಾನಿಯಮ್ಮಿನ ಬಲವೂ ಜಲಜನಕದ ಕೇಡೂ

ಬೀದರದ ವಾಯುನೆಲೆಯಿಂದ ಏರುವ ಹಾಕ್ ತರಬೇತಿ ವಿಮಾನಗಳು ಹುಮನಾಬಾದ, ಬಸವಕಲ್ಯಾಣಗಳ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಜೆಟ್ ಯಂತ್ರಗಳ ಅಲಗುಗಳಿಗೆ ಟೈಟಾನಿಯಂ ಮಿಶ್ರಲೋಹಗಳನ್ನು ಬಳಸುವುದುಂಟು. ಉಕ್ಕಿನ ಸಾಪೇಕ್ಷ ಸಾಂದ್ರತೆ ಸುಮಾರು 7.8 ಆದರೆ ಟೈಟಾನಿಯಮ್ಮಿನದು 4.5 ಮಾತ್ರ, ಆದರೂ ಅದರ ಮಿಶ್ರಲೋಹಗಳು ಬಲದಲ್ಲಿ ಅನೇಕ ಉಕ್ಕುಗಳಿಗೆ ಸರಿಗಟ್ಟುತ್ತವೆ. ನಮ್ಮ ಊರುಗಳ ಹೆದ್ದಾರಿಯನ್ನೇ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಹೈದರಾಬಾದಿನಲ್ಲಿ, 1973ರಲ್ಲಿ ಸ್ಥಾಪಿತವಾದ ಮಿಶ್ರ ಧಾತು ನಿಗಮವು ಇವನ್ನು ತಯಾರಿಸುತ್ತಿದೆ.

ಇಂಥ ಲೋಹವನ್ನು ಕೆಡಿಸುವುದು ಮೂಲವಸ್ತುಗಳಲ್ಲೆಲ್ಲ ಹಗುರವಾದ ಜಲಜನಕವೆಂದರೆ ಆಶ್ಚರ್ಯವಾದೀತು. ಸಾಮಾನ್ಯ ಉಷ್ಣತೆಯಲ್ಲಿ ಟೈಟಾನಿಯಮ್ಮಿನ ಪರಮಾಣುಗಳು ಷಟ್ಕೋಣ ಜೋಡಣೆಯ ಆಲ್ಫಾ ರೂಪದಲ್ಲಿರುತ್ತವೆ. 882 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಘನಾಕೃತಿಯ ಬೀಟಾ ರೂಪವನ್ನು ತಳೆಯುತ್ತವೆ. ಬೀಟಾ ರೂಪವು ಜಲಜನಕವನ್ನು ಧಾರಾಳವಾಗಿ ಒಳಗಿಟ್ಟುಕೊಳ್ಳಬಲ್ಲುದು. ತಣ್ಣನೆಯ ಆಲ್ಫಾ ರೂಪಕ್ಕೆ ಆ ಶಕ್ತಿ ಅತ್ಯಲ್ಪ. ಆದುದರಿಂದ ಕಾಯ್ದಾಗ ಒಳಹೊಕ್ಕ ಜಲಜನಕವು, ಲೋಹ ತಣಿದಂತೆ ನೆಲೆ ಕಾಣದೆ, ಹೈಡ್ರೈಡ್ ಎಂಬ ಸಂಯುಕ್ತದ ತೆಳುಫಲಕಗಳಾಗಿ ಬೇರ್ಪಡುತ್ತದೆ. ಹೈಡ್ರೈಡು ತಾನು ಹುಟ್ಟಿದ ಲೋಹಕ್ಕಿಂತ ಶೇಕಡಾ 15ಕ್ಕೂ ಹೆಚ್ಚು ಸ್ಥಳವನ್ನು ಬೇಡುತ್ತದೆ, ಸ್ವಭಾವದಿಂದ ಪೆಡಸು. ಬಿರುಕು ಅಲ್ಲಿಯೇ ಮೊದಲಾಗುತ್ತದೆ. ಶೇಕಡಾ 6 ಅಲ್ಯೂಮಿನಿಯಮ್ಮನ್ನೂ 4 ವನೇಡಿಯಮ್ಮನ್ನೂ ಬೆರೆಸಿದ ಪ್ರಸಿದ್ಧ ಮಿಶ್ರಲೋಹದಲ್ಲಿ ಜಲಜನಕವು ಸಾಮಾನ್ಯವಾಗಿ ಶೇಕಡಾ 0.015ನ್ನು, ಎಂದರೆ ಕಿಲೋಗ್ರಾಮಿಗೆ 150 ಮಿಲಿಗ್ರಾಮನ್ನು, ಮೀರಕೂಡದೆಂಬ ನಿಯಮವಿರುವುದು ಇದರಿಂದಲೇ.

ಇನ್ನೊಂದು ಸಂಗತಿ ಹೆಚ್ಚು ಬೋಧಪ್ರದವಾದುದು. ಎರಡು ರೂಪಗಳೂ ಬೆರೆತ ಇಂಥ ಮಿಶ್ರಲೋಹದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಬೇಗನೆ ಎಳೆದರೆ ಅದು ಪೂರ್ಣ ಬಲವನ್ನೇ ತೋರಬಹುದು. ಅದೇ ತುಂಡು ಸ್ಥಿರವಾದ ಹೊರೆಯನ್ನು ಬಹುಕಾಲ ಹೊತ್ತು ನಿಂತರೆ, ಜಲಜನಕವು ಸೆಳೆತ ಹೆಚ್ಚಿರುವ ಬಿರುಕಿನ ತುದಿಗೆ ಮೆಲ್ಲಮೆಲ್ಲನೆ ಸೇರಿ, ಲೋಹವನ್ನು ಅನಿರೀಕ್ಷಿತವಾಗಿ ಮುರಿದೀತು. ಅವಸರದ ಪರೀಕ್ಷೆಯಲ್ಲಿ ಉತ್ತೀರ್ಣವಾದುದೆಲ್ಲ ಬಲಿಷ್ಠವಲ್ಲ!

ಹಾಗೆಂದು ಜಲಜನಕವನ್ನು ಬರಿಯ ಶತ್ರುವೆನ್ನಲಾಗದು. ಲೋಹವನ್ನು ನಿರ್ವಾತದಲ್ಲಿ ಕಾಯಿಸಿದರೆ ಅದು ಹೊರಬೀಳುತ್ತದೆ. ಬೇಕೆಂದೇ ಜಲಜನಕವನ್ನು ಸೇರಿಸಿ, ಪೆಡಸಾದ ಲೋಹವನ್ನು ಪುಡಿಮಾಡಿ, ಅನಂತರ ಅದನ್ನು ತೆಗೆದು ಟೈಟಾನಿಯಂ ಪುಡಿಯನ್ನು ಪಡೆಯುವ ವಿಧಾನವೂ ಉಂಟು. ಕೇಡು ವಸ್ತುವಿನಲ್ಲಿಲ್ಲ, ನಮ್ಮ ಅಜ್ಞಾನದಲ್ಲಿದೆ.

ಈ ಅಜ್ಞಾನಕ್ಕೆ ಅಧ್ಯಾಪಕರಾದ ನಾವೂ ಹೊಣೆ. ಷಟ್ಕೋಣ ಜೋಡಣೆಯ ಚಿತ್ರವನ್ನು ಹಲಗೆಯ ಮೇಲೆ ಬರೆದು, ಅದರಲ್ಲಿ ಶೇಕಡಾ 74 ಭಾಗ ತುಂಬಿದೆಯೆಂದು ಲೆಕ್ಕ ಮಾಡಿಸಿ, ಪಾಠವನ್ನು ನಾನೂ ಮುಗಿಸಿದ್ದೇನೆ. ಉಳಿದ 26 ಭಾಗ ತೆರವಿನಲ್ಲಿ ಏನು ಹೊಕ್ಕೀತು, ಹೊಕ್ಕರೆ ಏನಾದೀತು ಎಂದು ಕೇಳಲಿಲ್ಲ. 2023ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯನ್ನು ಅಂಗೀಕರಿಸಿತು. ಜಲಜನಕವನ್ನು ತಯಾರಿಸಿದರೆ ಸಾಲದು; ಅದನ್ನು ಹೊರುವ ಕೊಳವೆ, ತೊಟ್ಟಿ, ಕವಾಟಗಳ ಲೋಹವೂ ಬಾಳಬೇಕು. ಉಕ್ಕನ್ನೂ ಜಲಜನಕವು ಬೇರೆ ಬಗೆಯಲ್ಲಿ ಪೆಡಸುಗೊಳಿಸುತ್ತದೆ.

ಆದುದರಿಂದ ಪ್ರತಿಯೊಂದು ವಿಜ್ಞಾನ ಕಾಲೇಜಿನಲ್ಲಿಯೂ ಲೋಹಗಳನ್ನು ನೋಡುವ ಒಂದು ಸೂಕ್ಷ್ಮದರ್ಶಕವಿರತಕ್ಕದ್ದೆಂದು ನನ್ನ ಅಭಿಪ್ರಾಯ. ಟೈಟಾನಿಯಮ್ಮೇ ಬೇಕೆಂದಿಲ್ಲ, ಹಿತ್ತಾಳೆಯ ಚೂರನ್ನು ನಯಗೊಳಿಸಿ ಅದರ ಕಣಗಳನ್ನು ಕಂಡರೂ ಸಾಕು. ಅನುಭವ ಮಂಟಪದ ನಾಡಿನ ಮಕ್ಕಳು ಲೋಹದ ಒಳಗನ್ನು ಚಿತ್ರದಲ್ಲಿ ಮಾತ್ರ ಬಲ್ಲರೆಂದರೆ ಅದು ನಮಗೆ ಶೋಭೆಯಲ್ಲ.