ಅಜ್ಜನ ಜೋಳಿಗೆ: ಗುಲಾಬಿ ಬಣ್ಣದ ಜಟ್ಟಿ

ಹಿಂದಿನ ಸಂಚಿಕೆಯಲ್ಲಿ ನಾನು ಬರೆದ ಗುರೆಳ್ಳು ಚಟ್ನಿಪುಡಿಯ ಪ್ರಸಂಗವನ್ನು ಮೆಚ್ಚಿ ಪತ್ರ ಬರೆದವರು ಹಲವರು. ಮಾಡಿ ನೋಡಿ, ಉಪ್ಪು ಹೆಚ್ಚಾಯಿತೆಂದು ಬರೆದವರು ಇಬ್ಬರು. ಎಲ್ಲರಿಗೂ ವಂದನೆಗಳು. ಈ ಸಲ ಅಡುಗೆಮನೆಯನ್ನು ಬಿಟ್ಟು ಬೀದಿಗೆ ಬರುತ್ತೇನೆ. ಅದಕ್ಕೆ ಕಾರಣವುಂಟು. ಮೊನ್ನೆ ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಸೋದರಿಯೊಬ್ಬರು ನನ್ನನ್ನು ತಡೆದು, "ಅಜ್ಜಾರ, ನಮ್ಮ ಹುಡುಗ ಮೊಬೈಲಿನ ಆಟದಾಗ ಯಾವುದೋ ಪ್ರಾಣಿ ಭಾಳ ಜೋರಾಗೇದ, ಅನ್ಯಾಯ ಆಗೇದ ಅಂತ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡವಲ್ಲ. ಇದಕ್ಕ ನಗಬೇಕೋ, ಬಯ್ಯಬೇಕೋ ನೀವೇ ಹೇಳ್ರಿ" ಎಂದರು.

"ಎರಡೂ ಬ್ಯಾಡವ್ವಾ. ಮೊದಲು ಆ ಪ್ರಾಣಿ ಹೆಸರು ಕೇಳು" ಎಂದೆ.

ಎಪ್ಪತ್ತು ದಾಟಿದ ಮುದುಕನ ಬಾಯಿಂದ ಇಂಥ ಉತ್ತರವನ್ನು ಆಕೆ ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ. ಸಾಲು ಮುಂದೆ ಸರಿಯಿತು, ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

2017ನೆಯ ಇಸವಿಯ ಮಾತು. ನನ್ನಾಕೆ ತೀರಿಕೊಂಡು ವರ್ಷ ತುಂಬಿತ್ತು. ಸಕ್ಕರೆ ಕಾಯಿಲೆಗೆ ದಿನವೂ ನಡೆಯಬೇಕೆಂದು ಡಾಕ್ಟರರು ಹೇಳಿದ್ದರು. ನಾನು ಮಾತ್ರ ಡೊಂಬಿವಲಿಯ ನಮ್ಮ ಎರಡನೆಯ ಮಹಡಿಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಲೋಕಲ್ ಗಾಡಿಗಳ ಸದ್ದು ಎಣಿಸುತ್ತ ಕೂತುಬಿಡುತ್ತಿದ್ದೆ. ಮಗಳು ಹೇಳಿದಳು, ಅಳಿಯಂದಿರು ಹೇಳಿದರು, ನಾನು ಏಳಲಿಲ್ಲ. ನನ್ನನ್ನು ಎಬ್ಬಿಸಿದವನು ಎಂಟನೆಯ ಇಯತ್ತೆಯಲ್ಲಿದ್ದ ಮೊಮ್ಮಗ. ಅವನಿಗೆ ತಾಯಿಯ ಹಳೆಯ ಫೋನು ಸಿಕ್ಕಿತ್ತು. ಅದರಲ್ಲಿ ಪೋಕೆಮಾನ್ ಗೋ ಎಂಬ ಆಟ. ಅಮೆರಿಕೆಯ ನಿಯಾಂಟಿಕ್ ಎಂಬ ಕಂಪನಿ 2016ರ ಜುಲೈಯಲ್ಲಿ ಕೆಲವು ದೇಶಗಳಲ್ಲಿ ಹೊರತಂದ ಈ ಆಟ ಆ ವರ್ಷದ ಡಿಸೆಂಬರದಲ್ಲಿ ನಮ್ಮ ದೇಶಕ್ಕೂ ಬಂದಿತ್ತು. ಮನೆಯಲ್ಲಿ ಕೂತು ಆಡುವ ಆಟವಲ್ಲ ಇದು. ಬೀದಿಬೀದಿ ಅಲೆದರೆ ಫೋನಿನೊಳಗೆ ಬಗೆಬಗೆಯ ಪ್ರಾಣಿಗಳು ಕಾಣುತ್ತವೆ, ಹಿಡಿಯಬೇಕು. ತತ್ತಿಗಳು ಸಿಗುತ್ತವೆ, ಎರಡು, ಐದು, ಹತ್ತು ಕಿಲೋಮೀಟರು ನಡೆದರೆ ಒಡೆದು ಮರಿಯಾಗುತ್ತವೆ.

"ಅಜ್ಜಾ, ನಿನಗ ಸಕ್ಕರಿ, ನನಗ ತತ್ತಿ. ಇಬ್ಬರಿಗೂ ನಡಿಯೂದೇ ಬೇಕು. ಏಳು" ಎಂದ.

ಎದ್ದೆ. ಆ ದಿನದಿಂದ ಸಾಯಂಕಾಲ ಐದೂವರೆಗೆ ನಾವಿಬ್ಬರೂ ಹೊರಡುವುದು, ತೋಟದ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವುದು, ಬರುವಾಗ ಮೆಂತೆಸೊಪ್ಪು ತರುವುದು ನಿತ್ಯದ ಕ್ರಮವಾಯಿತು.

ತೋಟದ ಬಾಗಿಲಲ್ಲಿ ನಿಲ್ಲುವುದೇಕೆಂದರೆ, ಅಲ್ಲೊಂದು ಜಿಮ್ ಇತ್ತು. ನನ್ನ ಬಾಯಿಗೆ ಅದು ಗರಡಿ. ಕಣ್ಣಿಗೆ ಕಾಣುವ ಗರಡಿಯಲ್ಲ. ಫೋನಿನ ನಕ್ಷೆಯಲ್ಲಿ ಮಾತ್ರ ಅಲ್ಲೊಂದು ಗೋಪುರ. ಆಡುವವರೆಲ್ಲ ನೀಲಿ, ಕೆಂಪು, ಹಳದಿ ಎಂದು ಮೂರು ಪಂಗಡ. ಯಾವ ಪಂಗಡ ಗರಡಿಯನ್ನು ಗೆದ್ದಿತೋ ಅದರವರು ತಮ್ಮ ಪ್ರಾಣಿಗಳನ್ನು ಅಲ್ಲಿ ಕಾವಲಿಗೆ ನಿಲ್ಲಿಸಬಹುದು. ಹೆಚ್ಚೆಂದರೆ ಹತ್ತು. ಪ್ರತಿಯೊಂದಕ್ಕೂ ಸಿ.ಪಿ. ಎಂಬ ಬಲದ ಅಂಕಿ ಉಂಟು. ಆ ಅಂಕಿಯ ಪ್ರಕಾರ ಕಡಿಮೆಯವರು ಕೆಳಗೆ, ಹೆಚ್ಚಿನವರು ಮೇಲೆ. ದಾಳಿ ಮಾಡುವವನು ಕೆಳಗಿನಿಂದ ಒಬ್ಬೊಬ್ಬರನ್ನೇ ಹೊಡೆಯುತ್ತ ಏರಬೇಕು. ಗರಡಿಯ ಪ್ರತಿಷ್ಠೆ ಇಳಿದರೆ ಮೊದಲು ಹೊರಬೀಳುವುದು ಎಲ್ಲಕ್ಕೂ ಕೆಳಗಿನದು. ಕಾವಲಿದ್ದ ಒಂದೊಂದು ಪ್ರಾಣಿಗೂ 21 ಗಂಟೆಗೊಮ್ಮೆ 10 ನಾಣ್ಯ. ನಮ್ಮ ಹುಡುಗನಿಗೆ 200 ನಾಣ್ಯ ಕೂಡಿಸಿ ತನ್ನ ಚೀಲ ದೊಡ್ಡದು ಮಾಡಿಸಿಕೊಳ್ಳುವ ಆಸೆ. ದುಡ್ಡು ಕೊಟ್ಟೂ ನಾಣ್ಯ ಕೊಳ್ಳಬಹುದು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪಣೆಯಿರಲಿಲ್ಲ. ಅವನ ಬಳಿ ಇದ್ದ ದೊಡ್ಡ ಆಸ್ತಿಯೆಂದರೆ ವೇಪೋರಿಯಾನ್ ಎಂಬ ಒಂದು ನೀರುಪ್ರಾಣಿ, ಸಿ.ಪಿ. 2400. ಅದನ್ನು ನಿಲ್ಲಿಸಿ ಬಂದ ರಾತ್ರಿ ಅವನಿಗೆ ನಿದ್ದೆ ಇರುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಕಂಪನಿಯವರು ಎಂಬತ್ತಕ್ಕೂ ಹೆಚ್ಚು ಹೊಸ ಪ್ರಾಣಿಗಳನ್ನು ಬಿಟ್ಟರು. ಅದರಲ್ಲೊಂದು ಬ್ಲಿಸ್ಸಿ. ನೋಡಿದರೆ ನಗು ಬರಬೇಕು. ಗುಂಡಗೆ, ಗುಲಾಬಿ ಬಣ್ಣ, ಹೊಟ್ಟೆಯ ಚೀಲದಲ್ಲೊಂದು ಮೊಟ್ಟೆ, ಮುಖದ ತುಂಬ ನಗೆ. ಬಾಣಂತಿಯ ಆರೈಕೆಗೆ ಬಂದ ದಾದಿಯಂತೆ. ಉಗುರಿಲ್ಲ, ಕೋರೆಹಲ್ಲಿಲ್ಲ. ಹೊಡೆದರೆ ಸೊಳ್ಳೆಯೂ ಸಾಯದು. ಆದರೆ ಅದನ್ನು ಹೊಡೆದು ಮುಗಿಸುವುದೂ ಆಗದು! ಒಂದೊಂದು ಕಾಳಗಕ್ಕೆ ಇರುವುದು ಸುಮಾರು ನೂರು ಸೆಕೆಂಡು. ಹುಡುಗ ಬೆರಳು ನೋಯುವ ತನಕ ಕುಟ್ಟುತ್ತಿದ್ದ. ಬ್ಲಿಸ್ಸಿ ನಗುತ್ತ ನಿಂತಿರುತ್ತಿತ್ತು, ಗಡಿಯಾರ ಓಡಿ ಮುಗಿಯುತ್ತಿತ್ತು. ಏಪ್ರಿಲಿನ ಹೊತ್ತಿಗೆ ನಮ್ಮ ಸುತ್ತಿನ ಗರಡಿಗಳಲ್ಲಿ ಎಲ್ಲಿ ನೋಡಿದರೂ ದಾದಿಯರ ಸಾಲು.

ಇದರ ಗುಟ್ಟು ನನಗೆ ಹಿಡಿಸಿದ್ದು ಲೆಕ್ಕದಿಂದ. ನಲವತ್ತು ವರ್ಷ ಲೆಕ್ಕಪತ್ರ ನೋಡಿದವನು ನಾನು. ಅಂಕಿ ಕಂಡರೆ ಬಿಡಲಾರೆ. ಪ್ರತಿ ಪ್ರಾಣಿಗೂ ಹೊಡೆಯುವ ಬಲ, ತಡೆಯುವ ಬಲ, ಪ್ರಾಣಬಲ ಎಂದು ಮೂರು ಅಂಕಿಗಳಿವೆ. ಸಿ.ಪಿ. ಕಟ್ಟುವಾಗ ಹೊಡೆಯುವ ಬಲವನ್ನು ಇಡಿಯಾಗಿ ಹಿಡಿಯುತ್ತಾರೆ. ಉಳಿದೆರಡರ ವರ್ಗಮೂಲವನ್ನಷ್ಟೇ ಹಿಡಿಯುತ್ತಾರೆ. ಅಂದರೆ ಪ್ರಾಣಬಲ ನಾಲ್ಕು ಪಟ್ಟಾದರೂ ಸಿ.ಪಿ. ಏರುವುದು ಎರಡು ಪಟ್ಟು. ಡ್ರ್ಯಾಗನೈಟ್ ಎಂಬ ರೆಕ್ಕೆಯ ಘಟಸರ್ಪದ ಆಗಿನ ಮೂರು ಅಂಕಿ 263, 201, 182. ಬ್ಲಿಸ್ಸಿಗೆ ಆಗ 129, 229, 510. ಪೂರ್ಣ ಬೆಳೆದಾಗ ಘಟಸರ್ಪದ ಸಿ.ಪಿ. 3581, ಬ್ಲಿಸ್ಸಿಯದು 3219. ಹಣೆಬರಹ ನೋಡಿದರೆ ಘಟಸರ್ಪವೇ ಮೇಲು. ಕಾವಲಿಗೆ ನಿಲ್ಲಿಸಿದರೆ ಬ್ಲಿಸ್ಸಿಯ ಅರ್ಧದಷ್ಟೂ ತಾಳದು. ತೂಕದ ಕಲ್ಲಿನಲ್ಲೇ ಐಬಿದ್ದರೆ ಅಂಗಡಿಯವನನ್ನು ಬಯ್ದು ಫಲವೇನು?

ಔಷಧವಿಲ್ಲವೆಂದಲ್ಲ. ಮಚಾಂಪ್ ಎಂಬ ನಾಲ್ಕು ತೋಳಿನ ಕುಸ್ತಿಯಾಳು ಬ್ಲಿಸ್ಸಿಯನ್ನು ಚೆನ್ನಾಗಿ ಹಣ್ಣುಮಾಡುತ್ತಾನೆ. ಆದರೆ ಅವನನ್ನು ಬೆಳೆಸಲು ಅದೇ ಜಾತಿಯ 125 ಕ್ಯಾಂಡಿ ಬೇಕು. ನಮ್ಮ ಬೀದಿಯಲ್ಲಿ ಆ ಜಾತಿ ಕಾಣುತ್ತಿದ್ದದ್ದೇ ಅಪರೂಪ. ಬ್ಲಿಸ್ಸಿಯನ್ನು ಪಡೆಯುವುದೂ ಸುಲಭವಲ್ಲ. ಚಾನ್ಸಿ ಎಂಬ ವಿರಳ ಪ್ರಾಣಿಯನ್ನು ಹಿಡಿದು 50 ಕ್ಯಾಂಡಿ ಕೂಡಿಸಬೇಕು. ಸ್ಕೂಟರು, ಪುರುಸೊತ್ತು, ಕೈಯಲ್ಲಿ ಕಾಸು ಇದ್ದ ಕಾಲೇಜು ಹುಡುಗರಿಗೆ ಅದು ಸಾಧ್ಯವಾಯಿತು. ಎಂಟನೆಯ ಇಯತ್ತೆಗೆ ಆಗಲಿಲ್ಲ.

ನಮ್ಮ ಕಡೆಯ ಹುಲಿ-ಕುರಿ ಆಟ ನಿಮಗೆ ನೆನಪಿರಬಹುದು. ಗುಡಿಯ ಕಟ್ಟೆಯ ಮೇಲೆ ಗೆರೆ ಎಳೆದು ಆಡುತ್ತಿದ್ದೆವು. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗೆ ಹಾರುವ ಶಕ್ತಿಯಿಲ್ಲ. ಆದರೆ ಹುಲಿ ಮೂರೇ, ಕುರಿ ಹದಿನೈದು. ಕುರಿಗಳು ಒಟ್ಟಾಗಿ ಸುತ್ತುಗಟ್ಟಿದರೆ ಹುಲಿ ಅಲುಗದು. ಚದುರಂಗದಲ್ಲಿ ಮಂತ್ರಿ ಮೊದಲು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ಬಡವ. ಹದಿನೈದನೆಯ ಶತಮಾನದ ಕೊನೆಗೆ ಯುರೋಪಿನವರು ಅವನನ್ನು ರಾಣಿ ಮಾಡಿ ಹಲಗೆಯ ತುಂಬ ಓಡಾಡಲು ಬಿಟ್ಟರು. ಆದರೂ ಆಟ ಕೆಡಲಿಲ್ಲ, ಏಕೆಂದರೆ ಇಬ್ಬರಿಗೂ ಒಬ್ಬೊಬ್ಬಳೇ. ಡೊಂಬಿವಲಿಯ ಗರಡಿಯಲ್ಲಾದರೋ ಒಂದು ಕಡೆ ಹತ್ತೂ ಹುಲಿ. ಇನ್ನೊಂದು ಕಡೆ ಅಜ್ಜ, ಮೊಮ್ಮಗ, ಒಂದು ವೇಪೋರಿಯಾನ್.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮೇಲಿನ ಮಹಡಿಯ ತಮಿಳರ ಮನೆಯ ಹುಡುಗ ನಮ್ಮವನ ಜೀವದ ಗೆಳೆಯ. ಒಂದೇ ಶಾಲೆ, ಒಂದೇ ಬೆಂಚು, ಆಟದಲ್ಲೂ ಒಂದೇ ನೀಲಿ ಪಂಗಡ. ಅವನ ಅಣ್ಣ ಅವನಿಗೊಂದು ಬ್ಲಿಸ್ಸಿ ಬೆಳೆಸಿಕೊಟ್ಟ. ಆದರೆ ಗರಡಿಯಲ್ಲಿ ಹತ್ತೂ ಸ್ಥಳ ತುಂಬಿದ್ದವು; ಕೊನೆಯ ಸ್ಥಳ ನಮ್ಮವನದು. ಆಗ ಅಣ್ಣ ಒಂದು ಉಪಾಯ ಮಾಡಿದ. ಇನ್ನೊಂದು ಫೋನಿನಲ್ಲಿ ಬೇರೆ ಹೆಸರಿಂದ ಕೆಂಪು ಪಂಗಡ ಸೇರಿದ್ದ. ಅದರಿಂದ ನಮ್ಮವನ ಪ್ರಾಣಿಯನ್ನು ಬಡಿದು ಕೆಳಗಿಳಿಸಿ, ತೆರವಾದ ಜಾಗದಲ್ಲಿ ತಮ್ಮನ ಬ್ಲಿಸ್ಸಿಯನ್ನು ಕೂಡಿಸಿದ. ಇದು ಆಟದ ನಿಯಮಕ್ಕೆ ವಿರೋಧ. ಆದರೂ ಆಗ ಊರೂರಲ್ಲಿ ನಡೆಯುತ್ತಿದ್ದ ಕಳ್ಳದಾರಿ. ನಮ್ಮ ಹುಡುಗನಿಗೆ ಸಂಗತಿ ತಿಳಿದದ್ದು ಗೆಳೆಯನ ಬಾಯಿಂದಲೇ, ಅದೂ ನಗುನಗುತ್ತ.

ಮಾತು ನಿಂತಿತು. ಬೆಂಚು ಬದಲಾಯಿತು. ಜಿನ್ನೆಯಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದರು. ಫೋನು ಕಪಾಟು ಸೇರಿತು. ಐದೂವರೆಗೆ ನಾನು ಚಪ್ಪಲಿ ಮೆಟ್ಟಿ ನಿಂತರೆ, "ನೀ ಹೋಗಿ ಬಾ ಅಜ್ಜಾ, ನನಗ ಹೋಂವರ್ಕ್ ಅದ" ಎನ್ನುತ್ತಿದ್ದ. ಒಬ್ಬನೇ ಎರಡು ದಿನ ಹೋದೆ. ಮೂರನೆಯ ದಿನ ಗ್ಯಾಲರಿಯ ಕುರ್ಚಿಯಲ್ಲೇ ಕೂತೆ. ಮೇ ತಿಂಗಳ ರಕ್ತಪರೀಕ್ಷೆಯ ಚೀಟಿ ನೋಡಿ ಮಗಳು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು. ಒಂದು ಆಟದ ಕೋಷ್ಟಕದಲ್ಲಿ ಯಾರೋ ಹಾಕಿದ 510 ಎಂಬ ಅಂಕಿ ನನ್ನ ಸಕ್ಕರೆಯ ಅಂಕಿಯನ್ನು ಏರಿಸಿತೆಂದು ಡಾಕ್ಟರರಿಗೆ ಹೇಗೆ ಹೇಳಲಿ?

ಜೂನ್ ಮೂರನೆಯ ವಾರ ಕಂಪನಿಯವರು ಗರಡಿಗಳನ್ನೆಲ್ಲ ಮುಚ್ಚಿ, ಪ್ರಾಣಿಗಳನ್ನು ಅವರವರ ಮನೆಗೆ ಕಳಿಸಿ, ಕೆಲವು ದಿನಗಳ ಮೇಲೆ ಹೊಸ ಕಾನೂನಿನೊಂದಿಗೆ ತೆರೆದರು. ಹತ್ತು ಸ್ಥಳವಿದ್ದದ್ದು ಆರಾಯಿತು. ಒಂದು ಗರಡಿಯಲ್ಲಿ ಒಂದು ಜಾತಿಗೆ ಒಂದೇ ಸ್ಥಳ. ಬ್ಲಿಸ್ಸಿ ಇದ್ದಲ್ಲಿ ಇನ್ನೊಂದು ಬ್ಲಿಸ್ಸಿಗೆ ಪ್ರವೇಶವಿಲ್ಲ. ಅಂಕಿಯ ಮೇಲೆ ಮೇಲು-ಕೆಳಗೆ ಎಂಬುದಿಲ್ಲ, ಮೊದಲು ಬಂದವನು ಮೊದಲು ನಿಲ್ಲುವುದು. ನಿಂತ ಪ್ರಾಣಿಗೆ ಹೊತ್ತು ಹೋದಂತೆ ಉತ್ಸಾಹ ಕುಂದುತ್ತದೆ, ಸಿ.ಪಿ. ಇಳಿಯುತ್ತದೆ, 3000 ಮೀರಿದವರಿಗೆ ಇನ್ನೂ ಬೇಗ. ಯಾರಾದರೂ ಹಣ್ಣು ತಿನ್ನಿಸಿದರೆ ಮತ್ತೆ ಏರುತ್ತದೆ. ನಾಣ್ಯದ ಲೆಕ್ಕ ಮಾತ್ರ ವಿಚಿತ್ರ: ಪ್ರಾಣಿ ಸೋತು ಮನೆಗೆ ಬಂದಾಗಲೇ ಅದು ನಿಂತ ಹೊತ್ತಿನ ಕೂಲಿ ಸಿಗುವುದು, ದಿನಕ್ಕೆ 50ಕ್ಕಿಂತ ಹೆಚ್ಚಿಲ್ಲ. ಸೋಲದ ಶೂರನಿಗೆ ಕಾಸಿಲ್ಲ!

ಇದನ್ನು ನಾನೇ ಹುಡುಗನಿಗೆ ಹೇಳಿ ಫೋನು ಹೊರಗೆ ತೆಗೆಸಿದೆ. ಅಂದು ಜೋರು ಮಳೆ. ಒಂದೇ ಛತ್ರಿಯಲ್ಲಿ ಹೋದೆವು. ಗರಡಿಯಲ್ಲಿ ನಾಲ್ಕು ಪ್ರಾಣಿ. ಮೊದಲನೆಯದು ಮೇಲಿನ ಮಹಡಿಯ ಬ್ಲಿಸ್ಸಿ. ಐದನೆಯದಾಗಿ ನಮ್ಮ ವೇಪೋರಿಯಾನ್ ನಿಂತಿತು; ಯಾವ ಬ್ಲಿಸ್ಸಿಯೂ ಈಗ ಅದನ್ನು ನೂಕಲಾರದು. ಮರುದಿನ ಬೆಳಿಗ್ಗೆ ನೋಡಿದರೆ ಅದರ ಉತ್ಸಾಹ ಅರ್ಧಕ್ಕಿಳಿದಿತ್ತು. ಸಾಯಂಕಾಲ ಹೋದಾಗ ಪೂರ್ತಿ ತುಂಬಿತ್ತು. ನಮ್ಮವನು ಹಣ್ಣು ಹಾಕಿರಲಿಲ್ಲ. ಸುತ್ತ ನೋಡಿದೆವು. ವಡಾಪಾವ್ ಗಾಡಿಯ ತಾಡಪತ್ರಿಯ ಕೆಳಗೆ ಫೋನು ಹಿಡಿದು ನಿಂತಿದ್ದವನು ಆ ಹುಡುಗನೊಬ್ಬನೇ. ಏನು ಮಾತಾಯಿತೋ ಕಾಣೆ, ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ವಡಾಪಾವ್ ಮೂರಕ್ಕೂ ದುಡ್ಡು ಕೊಟ್ಟವನು ನಾನು. ಜುಲೈ ಹೊತ್ತಿಗೆ ಇವರಿಬ್ಬರೂ ಕೆಂಪು ಪಂಗಡದ ಹುಡುಗರೊಂದಿಗೆ ಒಪ್ಪಂದವನ್ನೇ ಮಾಡಿಕೊಂಡಿದ್ದರು: ರಾತ್ರಿ ಎಂಟಕ್ಕೆ ನೀವು ನಮ್ಮನ್ನು ಹೊಡೆದು ಕಳಿಸಿರಿ, ನಮಗೆ ನಾಣ್ಯ ಬರಲಿ, ನಾಳೆ ನಾವು ನಿಮ್ಮನ್ನು. ನಮ್ಮವನ ಚೀಲ ದೊಡ್ಡದಾಯಿತು.

ಆ ಸೋದರಿಗೆ ಇನ್ನೊಂದು ಮಾತು ಹೇಳಬೇಕು. ಜೋರಾದ ಪ್ರಾಣಿಯನ್ನು ಇಳಿಸುವುದೂ ಸುಲಭದ ನ್ಯಾಯವಲ್ಲ. 2018ರ ಕೊನೆಗೆ ಕಂಪನಿಯವರು ಅಂಕಿಗಳನ್ನೇ ತಿದ್ದಿದರು. ಬ್ಲಿಸ್ಸಿಯ ತಡೆಯುವ ಬಲ 229ರಿಂದ 169ಕ್ಕೆ, ಪ್ರಾಣಬಲ 510ರಿಂದ 496ಕ್ಕೆ ಇಳಿಯಿತು. 3219 ಇದ್ದ ಸಿ.ಪಿ. 2757 ಆಯಿತು. ಮೇಲಿನ ಹುಡುಗ ಬಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಅತ್ತೇಬಿಟ್ಟ. ಅಣ್ಣ ಬೆಳೆಸಿಕೊಟ್ಟದ್ದು ನಿಜ. ಆದರೆ ಆಮೇಲಿನ ಒಂದೂವರೆ ವರ್ಷ ತಾನೇ ನಡೆದು, ಕೂಡಿಸಿ, ಅದಕ್ಕೆ ಉಣಿಸಿದ್ದ. ನಮ್ಮವನು ಹಿಗ್ಗುತ್ತಾನೆಂದುಕೊಂಡೆ. "ಹಿಂಗ ಮಾಡಬಾರದಿತ್ತು ಅಜ್ಜಾ" ಎಂದ. ನನ್ನ ಅಭಿಪ್ರಾಯವೂ ಅದೇ. 2017ರಲ್ಲಿ ಪ್ರಾಣಿಯನ್ನು ಮುಟ್ಟದೆ ಜಾಗವನ್ನು ಹಂಚಿಕೊಟ್ಟದ್ದು ಜಾಣತನ. ಆಮೇಲೆ ಅವರವರ ದುಡಿಮೆಯ ಗಂಟಿಗೆ ಕೈ ಹಾಕಿದ್ದು ಒರಟುತನ. ಸೂತ್ರದ ವರ್ಗಮೂಲವನ್ನಂತೂ ಹಾಗೇ ಬಿಟ್ಟರು. ಅದೇ ಡಿಸೆಂಬರದಲ್ಲಿ ಆಟಗಾರರು ಒಬ್ಬರೊಡನೊಬ್ಬರು ಸೆಣಸುವ ಪಂದ್ಯ ತಂದು, ಒಂದು ವರ್ಗಕ್ಕೆ 1500 ಸಿ.ಪಿ.ಯ ಮಿತಿ ಹಾಕಿದರು. ಅಲ್ಲಿಯೂ ಹೊಡೆಯುವುದು ಕಡಿಮೆ, ತಾಳುವುದು ಹೆಚ್ಚು ಎಂಬ ಜಾತಿಗಳೇ ಮೆರೆದವು. ಬ್ಲಿಸ್ಸಿ ಇಂದಿಗೂ ಗರಡಿಯ ಕಾವಲಿಗೆ ಎಲ್ಲರಿಗಿಂತ ಗಟ್ಟಿ.

ಈಗ ಆ ಹುಡುಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. 2025ರಲ್ಲಿ ನಿಯಾಂಟಿಕ್‌ನವರು ಈ ಆಟವನ್ನು ಸ್ಕೋಪ್ಲಿ ಎಂಬ ಇನ್ನೊಂದು ಕಂಪನಿಗೆ ಮಾರಿದಾಗ ಇಬ್ಬರೂ ಫೋನಿನಲ್ಲಿ ಒಂದು ತಾಸು ಚರ್ಚೆ ಮಾಡಿದರು. ನನ್ನ ನಡಿಗೆ ಇಪ್ಪತ್ತು ನಿಮಿಷಕ್ಕೆ ಇಳಿದಿದೆ, ನಿಂತಿಲ್ಲ.

ಕಳೆದ ಬೇಸಗೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಧಾರವಾಡದ ಕಡೆಯ ನಮ್ಮೂರಿಗೆ ಹೋಗಿದ್ದೆ. ಮನೆ ಮಾರಿ ಬಹಳ ವರ್ಷವಾಯಿತು. ಗುಡಿಗೆ ಕಾಯಿ ಒಡೆಸಿ ಬರುವುದಷ್ಟೇ ಕೆಲಸ. ಗುಡಿಯ ಮುಂದೆಯೂ ಒಂದು ಗರಡಿ ಇದೆಯೆಂದು ಅವನ ಫೋನು ತೋರಿಸಿತು. ಅದೇ ಹಳೆಯ ವೇಪೋರಿಯಾನನ್ನು ಅಲ್ಲಿ ನಿಲ್ಲಿಸಿ ಬಂದ. ಆ ಊರಿನಲ್ಲಿ ಅದನ್ನು ಹೊಡೆಯುವವರು ಯಾರೂ ಇದ್ದಂತಿಲ್ಲ. ತಿಂಗಳುಗಳಾದವು, ಇನ್ನೂ ಅಲ್ಲೇ ನಿಂತಿದೆ. ಒಂದು ನಾಣ್ಯವೂ ಬಂದಿಲ್ಲ. ಡೊಂಬಿವಲಿಯಿಂದಲೇ ಫೋನಿನಲ್ಲಿ ಹಣ್ಣು ಕಳಿಸಬಹುದಂತೆ. ರಾತ್ರಿ ಊಟವಾದ ಮೇಲೆ ಅವನು ಮರೆತರೆ ನಾನೇ ನೆನಪು ಮಾಡುತ್ತೇನೆ. ನಮ್ಮ ಮನೆಯವರು ಅಂತ ಊರಲ್ಲಿ ಈಗ ಇರುವುದು ಅದೊಂದೇ.